"ಅಜ್ಜಿಗೆ ಯಾಕೆ ಸುಳ್ಳು ಹೇಳಿದೆ?"

ಭಾನುವಾರ ಊರಿಗೆ ಫೋನ್ ಮಾಡಿ ಇಟ್ಟ ಮೇಲೆ ಮಗಳು ಕೇಳಿದಳು: "ಅಮ್ಮಾ, ಎಲ್ಲಾ ಚೆನ್ನಾಗಿದೆ ಅಂತ ಅಜ್ಜಿಗೆ ಯಾಕೆ ಸುಳ್ಳು ಹೇಳಿದೆ? ನಿನ್ನೆ ರಾತ್ರಿ ಅಳ್ತಾ ಇದ್ದೆ ಅಲ್ವಾ?" ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡಿಗರ ಈ ಪತ್ರಿಕೆಗೆ ದೀಪಾವಳಿ ಬಗ್ಗೆ ಅರ್ಧ ಬರೆದಿದ್ದ ಸಂಪಾದಕೀಯವನ್ನು ಪಕ್ಕಕ್ಕಿಟ್ಟೆ.

ನಮ್ಮ ತಿಪಟೂರಿನ ಮನೆಯಲ್ಲಿ ಚಿಕ್ಕಪ್ಪನಿಗೆ ಕಾಯಿಲೆ ಬಂದದ್ದು ಎಂಬತ್ತರ ದಶಕದಲ್ಲಿ. ನಿದ್ದೆ ಹೋಯಿತು, ಕೊಬ್ಬರಿ ಮಂಡಿಗೆ ಹೋಗುವುದು ನಿಂತಿತು, ಹಗಲೆಲ್ಲ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದರು. ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಕೊನೆಗೆ ರೈಲು ಹತ್ತಿಸಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಬೀದಿಯವರಿಗೆ ಹೇಳಿದ್ದು ಹೊಟ್ಟೆನೋವು ಅಂತ. ಊರವರ ಬಾಯಲ್ಲಿ ಅದಿನ್ನೂ ಹುಚ್ಚಾಸ್ಪತ್ರೆಯೇ. ಮನೆಯಲ್ಲಿ ಮದುವೆಗೆ ಬೆಳೆದ ಅತ್ತೆ ಇದ್ದರು. ನನ್ನ ಅಜ್ಜಿ ಮಾತ್ರೆಗಳನ್ನು ಬಿಡಿಸಿ ಎಲೆಅಡಿಕೆ ಡಬ್ಬಿಯ ತಳದಲ್ಲಿ ಇಡುತ್ತಿದ್ದರು. ನೆಂಟರು ಬಂದ ದಿನ ಡಬ್ಬಿ ಅಟ್ಟ ಸೇರುತ್ತಿತ್ತು, ಆ ದಿನದ ಮಾತ್ರೆ ತಪ್ಪುತ್ತಿತ್ತು. ಹೆಣ್ಣು ನೋಡಲು ಸಾಲಾಗಿ ಜನ ಬಂದ ತಿಂಗಳು ಚಿಕ್ಕಪ್ಪ ಮತ್ತೆ ಹಾಸಿಗೆ ಹಿಡಿದರು.

ಈ ಸಲ ಆಸ್ಪತ್ರೆಯಲ್ಲಿ ಡಾಕ್ಟರು ಅಜ್ಜಿಯನ್ನೇ ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಎಲ್ಲ ಬಿಡಿಸಿ ಹೇಳಿದರಂತೆ. ಊರಿಗೆ ಬಂದವರೇ ಅಜ್ಜಿ ಆ ಮಾತ್ರೆಗಳನ್ನು ತಮ್ಮ ಬಿಪಿ ಮಾತ್ರೆ ಪಕ್ಕ, ನಡುಮನೆಯ ಗೂಡಿನಲ್ಲಿ ಇಟ್ಟರು. ಕೇಳಿದವರಿಗೆ, "ಅವನಿಗೆ ಮನಸ್ಸಿನ ಕಾಯಿಲೆ, ಔಷಧಿ ನಡೀತಿದೆ" ಅಂದರು. ಅತ್ತೆಗೆ ಒಂದು ಸಂಬಂಧ ತಪ್ಪಿತು. ಮುಂದಿನದು ಕೂಡಿಬಂತು. ಚಿಕ್ಕಪ್ಪ ಆಮೇಲೆ ಎಷ್ಟೋ ವರ್ಷ ಮಂಡಿ ನಡೆಸಿದರು.

ಇಂಗ್ಲೆಂಡಿಗೆ ಬಂದರೂ ನಾವು ಆ ಡಬ್ಬಿಯನ್ನು ಅಟ್ಟದಿಂದ ಇಳಿಸಿಲ್ಲ. ಬಾಣಂತಿಗೆ ಅಂಟಿನುಂಡೆ ತಲುಪಿಸುತ್ತೇವೆ, ಅವಳು ನಲ್ಲಿ ಬಿಟ್ಟುಕೊಂಡು ಅಳುವುದನ್ನು ವಿಚಾರಿಸುವುದಿಲ್ಲ. ಕೆಲಸ ಹೋದವರು ಕಾರ್ಯಕ್ರಮಕ್ಕೆ ಬರುವುದನ್ನೇ ಬಿಡುತ್ತಾರೆ. ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲೆ, ಮಾತಿಗೆ ಜನವಿಲ್ಲ. ಕಾಯಿಲೆಗಿಂತ "ಯಾರಿಗಾದರೂ ಗೊತ್ತಾದರೆ?" ಅನ್ನುವ ಭಯವೇ ಜಾಸ್ತಿ.

ನಾನು ಮಾತಿನ ಚಿಕಿತ್ಸೆಗೆ ಹೆಸರು ಕೊಟ್ಟಿದ್ದೇನೆ. ಎಲ್ಲರೂ ಓದಲಿ ಅಂತಲೇ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೊಡುವ ಈ ಚಿಕಿತ್ಸೆಗೆ, ಅಂದರೆ ಟಾಕಿಂಗ್ ಥೆರಪೀಸ್‌ಗೆ, ಜಿಪಿಯ (ನಮ್ಮ ಬಡಾವಣೆಯ ಡಾಕ್ಟರ) ಚೀಟಿ ಬೇಕಿಲ್ಲ. ಜಿಪಿಯಲ್ಲಿ ನೋಂದಣಿ ಆಗಿದ್ದರೆ ನಾವೇ ಅರ್ಜಿ ಹಾಕಬಹುದು. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಕೇಳಿ. ತಡೆಯಲಾಗದ ಸಂಕಟವಾದರೆ ಎನ್‌ಎಚ್‌ಎಸ್‌ನ 111ಕ್ಕೆ ಕರೆ ಮಾಡಿ 2 ಒತ್ತಿ. ಸುಮ್ನೆ ಯಾರಾದರೂ ಕೇಳಿಸಿಕೊಂಡರೆ ಸಾಕು ಅನಿಸಿದರೆ ಸಮಾರಿಟನ್ಸ್ ಸಹಾಯವಾಣಿ 116 123, ಹಗಲೂ ರಾತ್ರಿ, ಉಚಿತ. ಜೀವಕ್ಕೆ ಅಪಾಯ ಇದ್ದರೆ ತುರ್ತು ಕರೆ 999. ಊರಲ್ಲಿರುವ ನಮ್ಮವರಿಗೆ 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಪ್ರಕಟಣೆಗಳು, ಜಾಗ ಕಡಿಮೆ: ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ ಸಂಜೆ 4ಕ್ಕೆ. ಹೋಳಿಗೆ ಊಟಕ್ಕೆ ಮುಂಚೆಯೇ ಹೆಸರು ಕೊಡಿ. ನಾಡಗೀತೆ ರಿಹರ್ಸಲ್ ಗುರುವಾರ ಜೂಮ್‌ನಲ್ಲಿ. ಕನ್ನಡ ಶಾಲೆಗೆ ಹಾಫ್ ಟರ್ಮ್ ರಜೆ. ರಾಜ್ಯೋತ್ಸವದ ದಿನ ಹಿಂದಿನ ಕೋಣೆಯಲ್ಲಿ ಕಾಫಿ ಇರುತ್ತದೆ, ಮನಸ್ಸು ಬಿಚ್ಚಿ ಮಾತಾಡಬೇಕು ಅನಿಸಿದವರು ಬನ್ನಿ. ಅಲ್ಲಿ ಕೂರಲು ನಮ್ಮಲ್ಲಿರುವ ಡಾಕ್ಟರು, ನರ್ಸುಗಳು ಯಾರಾದರೂ ದಯವಿಟ್ಟು ಒಪ್ಪಿಕೊಳ್ಳಿ. ಹಾಗೇ, ಈ ಪತ್ರಿಕೆಯ ಪುಟ ಜೋಡಿಸಲು ಒಬ್ಬರು ಜೊತೆಗೆ ಬೇಕು. ಮಕ್ಕಳು ಮಲಗಿದ ಮೇಲೆ ಒಬ್ಬಳೇ ಕೂತು ಮಾಡುವುದು ಈಗ ನನ್ನಿಂದ ಆಗುತ್ತಿಲ್ಲ.