1984ರ ಹಾಡುಗಳ ಪಟ್ಟಿ: ಭಾನುವಾರ ಸಂಜೆಯೊಳಗೆ ತುಂಬಿಸಿ

ಎಲ್ಲರಿಗೂ ನಮಸ್ಕಾರ 🙏

ಮುಂದಿನ ಕೂಟಕ್ಕೆ 1984ರ ಇಂಗ್ಲಿಷ್ ಪಾಪ್ ಸಂಗೀತದ ಪಟ್ಟಿ ಮಾಡುತ್ತಿದ್ದೇವೆ. ಹಾಡು ಆರಿಸಿಕೊಂಡವರೆಲ್ಲ ಭಾನುವಾರ ಸಂಜೆ 6ರೊಳಗೆ ಶೀಟ್ ತುಂಬಿಸಿ.

ಬಿಡುಗಡೆ, ಚಾರ್ಟ್ (ಜನಪ್ರಿಯತೆಯ ಶ್ರೇಯಾಂಕ ಪಟ್ಟಿ), ಪ್ರಶಸ್ತಿ ಮೂರಕ್ಕೂ ಬೇರೆ ಬೇರೆ ಕಾಲಂ ಇದೆ, ದಯವಿಟ್ಟು ಬೆರೆಸಬೇಡಿ. ಎಡವಟ್ಟಾಗುವುದೇ ಇಲ್ಲಿ. ಮೈಕಲ್ ಜಾಕ್ಸನ್ 8 ಗ್ರ್ಯಾಮಿ (ಅಮೆರಿಕದ ಸಂಗೀತ ಪ್ರಶಸ್ತಿ) ಗೆದ್ದದ್ದು 1984ರ ಫೆಬ್ರವರಿಯಲ್ಲಿ, ಆದರೆ ಆತನ ಆಲ್ಬಂ 'ಥ್ರಿಲ್ಲರ್' ಬಂದದ್ದು 1982ರ ನವೆಂಬರ್ 30ಕ್ಕೆ. ಆಗ ಗ್ರ್ಯಾಮಿಗೆ ಪರಿಗಣಿಸುವ ಬಿಡುಗಡೆಗಳ ಲೆಕ್ಕ ಅಕ್ಟೋಬರ್‌ನಿಂದ ಮರುವರ್ಷದ ಸೆಪ್ಟೆಂಬರ್‌ವರೆಗೆ. ಹಾಗಾಗಿಯೇ 1983ರ ಅಕ್ಟೋಬರ್‌ನಲ್ಲಿ ಬಂದ ಲಯನೆಲ್ ರಿಚಿಯ 'ಕಾಂಟ್ ಸ್ಲೋ ಡೌನ್'ಗೆ ವರ್ಷದ ಆಲ್ಬಂ ಪ್ರಶಸ್ತಿ ಸಿಕ್ಕಿದ್ದು 1985ರಲ್ಲಿ!

ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ವಾರ್ಷಿಕ ಪಟ್ಟಿಯೂ ಡಿಸೆಂಬರ್ 31ರವರೆಗೆ ಕಾಯುವುದಿಲ್ಲ. ಮಡೋನಾಳ 'ಲೈಕ್ ಎ ವರ್ಜಿನ್' 1984ರ ಡಿಸೆಂಬರ್‌ನಲ್ಲಿ ಮೊದಲ ಸ್ಥಾನಕ್ಕೇರಿದರೂ ಸಿಗುವುದು 1985ರ ವಾರ್ಷಿಕ ಪಟ್ಟಿಯಲ್ಲಿ, 2ನೇ ಸ್ಥಾನದಲ್ಲಿ. 1984ರ ವಾರ್ಷಿಕ ಪಟ್ಟಿಯ ತುದಿಯಲ್ಲಿರುವುದು ಪ್ರಿನ್ಸ್‌ನ 'ವೆನ್ ಡವ್ಸ್ ಕ್ರೈ'. ನನ್ನ ಮಟ್ಟಿಗೆ ಆ ವರ್ಷ ಪ್ರಿನ್ಸ್‌ನದೇ. 'ಪರ್ಪಲ್ ರೇನ್' ಆಲ್ಬಂ ಅಮೆರಿಕದ ಚಾರ್ಟ್‌ನಲ್ಲಿ ಸತತ 24 ವಾರ ಅಗ್ರಸ್ಥಾನದಲ್ಲಿತ್ತು. ಅದಕ್ಕೆ ಕೂಟದಲ್ಲಿ ಹೆಚ್ಚು ಸಮಯ ಇಟ್ಟಿದ್ದೇವೆ.

ತುಂಬಿಸುವಾಗ:
– ಚಾರ್ಟ್ ಅಮೆರಿಕದ್ದೋ ಬ್ರಿಟನ್ನಿನದೋ ಬರೆಯಿರಿ. ವ್ಯಾಮ್ ಬ್ಯಾಂಡ್‌ನ 'ಲಾಸ್ಟ್ ಕ್ರಿಸ್‌ಮಸ್' ಆಗ ಬ್ರಿಟನ್ನಿನಲ್ಲಿ 2ಕ್ಕೇ ನಿಂತು, 1ಕ್ಕೆ ಬಂದದ್ದು 2021ರ ಜನವರಿಯಲ್ಲಿ.
– ಸಿಂಗಲ್ (ಬಿಡಿಯಾಗಿ ಬಂದ ಹಾಡು) ಮತ್ತು ಆಲ್ಬಂ ದಿನಾಂಕ ಬೇರೆಯಿದ್ದರೆ ಎರಡೂ ಹಾಕಿ.
– ರೀಮಾಸ್ಟರ್ (ಹಳೆ ಧ್ವನಿಮುದ್ರಣವನ್ನು ಸುಧಾರಿಸಿ ಮತ್ತೆ ಬಿಟ್ಟ) ಆವೃತ್ತಿಯ ವರ್ಷ ಬೇಡ. ಸ್ಟ್ರೀಮಿಂಗ್ ಆಪ್‌ಗಳು ಎಷ್ಟೋ ಸಲ ಅದನ್ನೇ ತೋರಿಸುತ್ತವೆ.

ತುಂಬಿಸಿದವರು ಇಲ್ಲಿ 'ಆಯ್ತು' ಅಂತ ಹಾಕಿ. ಆಗದಿದ್ದರೆ ಶುಕ್ರವಾರದೊಳಗೆ ತಿಳಿಸಿ, ಬೇರೆಯವರಿಗೆ ಕೊಡುತ್ತೇವೆ.