ದಾನಿಯ ಪಾಲು, ಊರಿನ ಪಾಲು

ನಮ್ಮ ಪಕ್ಕದ ಮನೆಯ ಯಹೂದಿ ದಂಪತಿಗಳ ಐದು ವರ್ಷದ ಮಗಳಿಗೆ ತಿಂಗಳಿಗೊಮ್ಮೆ ಅಂಚೆಯಲ್ಲಿ ಒಂದು ಪುಸ್ತಕ ಬರುತ್ತದೆ. ಲಕೋಟೆಯ ಮೇಲೆ ಮಗುವಿನ ಹೆಸರೇ ಅಚ್ಚಾಗಿರುವುದರಿಂದ, ಅಂಚೆಪೆಟ್ಟಿಗೆಯವರೆಗೆ ಓಡುವ ಹಕ್ಕು ತನ್ನೊಬ್ಬಳದೇ ಎಂದು ಆಕೆ ಸಾಧಿಸಿಕೊಂಡಿದ್ದಾಳೆ. ಕಳೆದ ಚಳಿಗಾಲದಲ್ಲಿ ಅಂಥದೊಂದು ಪುಸ್ತಕವನ್ನು ಕೇಳಿ ತಂದು ನೋಡಿದೆ. ಶುಕ್ರವಾರ ಸಂಜೆ ಸಬ್ಬತ್ ಹಬ್ಬಕ್ಕೆಂದು ಮನೆಯಲ್ಲಿ ಜಡೆಯಂತೆ ಹೆಣೆದು ಸುಡುವ ಹಲ್ಲಾ ರೊಟ್ಟಿಯ ಕಥೆ ಅದು. ರಕ್ಷಾಪುಟದ ಒಳಮಡಿಕೆಯಲ್ಲಿ ದೊಡ್ಡವರಿಗಾಗಿ ನಾಲ್ಕು ಸಾಲಿನ ವಿವರಣೆಯಿತ್ತು: ಈ ಆಚರಣೆ ಏನು, ಮಗುವಿನೊಡನೆ ಏನು ಮಾತಾಡಬಹುದು, ಅಡುಗೆಮನೆಯಲ್ಲಿ ಮಗುವಿನ ಕೈಗೆ ಏನು ಕೊಡಬಹುದು ಎಂದು. ಹಬ್ಬದ ಹೆಸರು ನೆನಪಿದ್ದು ವಿಧಿ ಮರೆತಿರುವ ತಂದೆತಾಯಿಗಳಿಗೆ, ಮಗುವಿನ ಎದುರು ಪೇಚಿಗೆ ಸಿಕ್ಕದಂತೆ, ಗುಟ್ಟಾಗಿ ಕೊಡುವ ಪಾಠ ಅದು. ವರಮಹಾಲಕ್ಷ್ಮಿ ವ್ರತದ ದಿನ ಕಳಶಕ್ಕೆ ಎಷ್ಟು ಎಲೆ ಇಡಬೇಕೆಂದು ಊರಿಗೆ ಫೋನು ಮಾಡುವ ನಮ್ಮಂಥವರಿಗೆ ಆ ಮಡಿಕೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪುಸ್ತಕಗಳನ್ನು ಕಳಿಸುವ ಯೋಜನೆಯ ಹೆಸರು ಪಿಜೆ ಲೈಬ್ರರಿ. ಮಲಗುವ ಹೊತ್ತಿಗೆ ಮಕ್ಕಳು ತೊಡುವ ಪೈಜಾಮದಿಂದ ಬಂದ ಹೆಸರದು. ಇದನ್ನು 2005ರಲ್ಲಿ ನಮ್ಮ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲೇ ಆರಂಭಿಸಿದ್ದು ಹೆರಾಲ್ಡ್ ಗ್ರಿನ್‌ಸ್ಪೂನ್ ಪ್ರತಿಷ್ಠಾನ. 1929ರಲ್ಲಿ ಹುಟ್ಟಿದ ಗ್ರಿನ್‌ಸ್ಪೂನ್ ಮೊದಲು ಐಸ್‌ಕ್ರೀಂ ಗಾಡಿಯ ವ್ಯಾಪಾರ ಮಾಡಿ, ಆಮೇಲೆ ಮನೆಗಳನ್ನು ಕೊಂಡು ಬಾಡಿಗೆಗೆ ಕೊಡುವ ವ್ಯವಹಾರದಲ್ಲಿ ಶ್ರೀಮಂತರಾದವರು. ಯೋಜನೆಯ ಮಾದರಿಯನ್ನು ಅವರು ಪಡೆದದ್ದು ಗಾಯಕಿ ಡಾಲಿ ಪಾರ್ಟನ್ ಅವರಿಂದ; ಆಕೆ 1995ರಲ್ಲಿ ಟೆನೆಸಿಯ ತಮ್ಮ ಹುಟ್ಟೂರಿನ ಸೀಮೆಯ ಎಳೆಯ ಮಕ್ಕಳಿಗೆ ತಿಂಗಳಿಗೊಂದು ಪುಸ್ತಕವನ್ನು ಅಂಚೆಯಲ್ಲಿ ಕಳಿಸಲು ತೊಡಗಿದ್ದರು. ಅದನ್ನು ಕಂಡು ಗ್ರಿನ್‌ಸ್ಪೂನ್, ಯಹೂದಿ ಕಥೆಗಳನ್ನು ಹೀಗೇಕೆ ಕಳಿಸಬಾರದು ಎಂದು ಯೋಚಿಸಿದರು. ಇಸ್ರೇಲಿನಲ್ಲಿ 2009ರಿಂದ ಇದೇ ಕೆಲಸ ಶಿಶುವಿಹಾರಗಳ ಮೂಲಕ ಹೀಬ್ರೂವಿನಲ್ಲಿ ನಡೆಯುತ್ತಿದ್ದು, 2014ರಿಂದ ಅಲ್ಲಿನ ಅರಬ್ಬಿ ಮಾತಿನ ಮಕ್ಕಳಿಗೆ ಅರಬ್ಬಿ ಪುಸ್ತಕಗಳೂ ಹೋಗುತ್ತಿವೆ. ಒಂದು ಯಹೂದಿ ಮನೆತನದ ದತ್ತಿ ಅಷ್ಟು ದೂರ ಕೈಚಾಚಿದೆ ಎಂಬುದು ನನಗೆ ಹಿಡಿಸಿದ ಸಂಗತಿ.

ಆದರೆ ನಾನು ಇದನ್ನು ಬರೆಯಲು ಹೊರಟದ್ದು ಪುಸ್ತಕಗಳಿಗಾಗಿ ಅಲ್ಲ, ಆ ಪುಸ್ತಕದ ಲೆಕ್ಕಕ್ಕಾಗಿ. ಮನೆಗೆ ಪುಸ್ತಕ ಪುಕ್ಕಟೆಯಾಗಿ ಬರುತ್ತದಾದರೂ ಅದರ ಖರ್ಚನ್ನೆಲ್ಲ ಪ್ರತಿಷ್ಠಾನವೇ ಹೊರುವುದಿಲ್ಲ. ಆಯಾ ಊರಿನ ಯಹೂದಿ ಫೆಡರೇಷನ್ನೋ (ಊರಿನವರ ದೇಣಿಗೆಯನ್ನು ಒಟ್ಟುಗೂಡಿಸಿ ಹಂಚುವ ಒಕ್ಕೂಟ) ಸಮುದಾಯ ಕೇಂದ್ರವೋ ತನ್ನ ಪಾಲಿನ ಹಣವನ್ನು ತಾನೇ ಎತ್ತಿ ಕೊಡಬೇಕು, ಸ್ಥಳೀಯವಾಗಿ ಓಡಾಡುವವರನ್ನೂ ನೇಮಿಸಬೇಕು. ಆಗಷ್ಟೇ ಆ ಊರಿನ ಮಕ್ಕಳ ವಿಳಾಸಗಳು ಪಟ್ಟಿಗೆ ಸೇರುತ್ತವೆ. ಇಡೀ ಯೋಜನೆಯನ್ನು ತಾನೊಬ್ಬನೇ ನಡೆಸಬಲ್ಲಷ್ಟು ಉಳ್ಳವನು, ಊರಿನವರೂ ಜೇಬಿಗೆ ಕೈಹಾಕಲಿ ಎಂದು ಪಟ್ಟು ಹಿಡಿಯುವುದು ಮೊದಲ ನೋಟಕ್ಕೆ ಜಿಪುಣತನದಂತೆ ಕಾಣಬಹುದು. ನನಗೂ ಹಾಗೆಯೇ ಕಂಡಿತ್ತು.

ಯಹೂದಿಗಳಲ್ಲಿ ದಾನಕ್ಕೆ ‘ತ್ಸೆದಾಕಾ’ ಎನ್ನುತ್ತಾರೆ. ಅದು ಹೀಬ್ರೂವಿನಲ್ಲಿ ನ್ಯಾಯ ಎಂಬ ಅರ್ಥದ ಧಾತುವಿನಿಂದ ಬಂದ ಮಾತು. ಕೊಡುವುದು ದಯೆಗಿಂತ ಹೆಚ್ಚಾಗಿ ಸಲ್ಲಬೇಕಾದ್ದನ್ನು ಸಲ್ಲಿಸುವುದು ಎಂಬ ಭಾವ ಅದರಲ್ಲಿದೆ. ಪೂರ್ವ ಯುರೋಪಿನ ಧರ್ಮಪಾಠಶಾಲೆಗಳಲ್ಲಿ ಕಲಿಯುತ್ತಿದ್ದ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಸರದಿಯ ಮೇಲೆ ಉಣ್ಣುತ್ತಿದ್ದರು. ನಮ್ಮ ಅಜ್ಜಂದಿರ ಕಾಲದ ವಾರಾನ್ನವೇ ಇದು, ಹೆಸರಷ್ಟೇ ಬೇರೆ. ವಾರಾನ್ನದ ಹುಡುಗನಿಗೆ ಊಟ ಹಾಕಿದ್ದು ಒಬ್ಬ ಧಣಿಯಲ್ಲ, ಏಳು ಮನೆಗಳು. ಒಂದು ಮನೆಯಲ್ಲಿ ಮೈಲಿಗೆಯೋ ಮದುವೆಯೋ ಆಗಿ ಒಲೆ ಹೊತ್ತದಿದ್ದರೆ ಅವನು ಒಂದು ದಿನ ಹಸಿದಿರಬೇಕಾಗುತ್ತಿತ್ತು, ಓದನ್ನೇ ಬಿಡಬೇಕಾಗುತ್ತಿರಲಿಲ್ಲ. ಅಮೆರಿಕದ ಯಹೂದಿ ಫೆಡರೇಷನ್ನುಗಳು ಬೆಳೆದದ್ದು ಇಂಥ ಹಂಚಿಕೆಯ ರೂಢಿಯಿಂದಲೇ. ಅವುಗಳಲ್ಲಿ ಮೊದಲನೆಯದು ನಮ್ಮ ಬಾಸ್ಟನ್ನಿನಲ್ಲಿ 1895ರಲ್ಲಿ ಸ್ಥಾಪನೆಯಾಯಿತು.

ದಾನದ ಮೆಟ್ಟಿಲುಗಳ ಬಗ್ಗೆ ಹನ್ನೆರಡನೆಯ ಶತಮಾನದ ಪಂಡಿತ ಮೈಮೊನಿಡೀಸ್ ಬರೆದದ್ದು ಯಹೂದಿ ಮನೆಗಳಲ್ಲಿ ಇವತ್ತಿಗೂ ಮಾತಿಗೆ ಬರುತ್ತದೆ. ಅವರು ಎಂಟು ಮೆಟ್ಟಿಲು ಹೇಳಿದ್ದಾರೆ. ಮುಖ ಗಂಟಿಕ್ಕಿ ಕೊಡುವುದು ತೀರ ಕೆಳಗಿನದು. ಕೊಟ್ಟವನಿಗೆ ಪಡೆದವನಾರೆಂದೂ ಪಡೆದವನಿಗೆ ಕೊಟ್ಟವನಾರೆಂದೂ ತಿಳಿಯದಂತೆ ಕೊಡುವುದು ಮೇಲಿನಿಂದ ಎರಡನೆಯದು. ಇದಕ್ಕೆ ಉದಾಹರಣೆಯಾಗಿ ಜೆರುಸಲೇಮಿನ ದೇಗುಲದಲ್ಲಿದ್ದ ಒಂದು ಕೋಣೆಯನ್ನು ಅವರು ನೆನೆಯುತ್ತಾರೆ. ಉಳ್ಳವರು ಅಲ್ಲಿ ಗುಟ್ಟಾಗಿ ಹಣವಿಟ್ಟು ಹೋಗುತ್ತಿದ್ದರು, ಇಲ್ಲದ ಮರ್ಯಾದಸ್ಥರು ಗುಟ್ಟಾಗಿ ತೆಗೆದುಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲೆಂದರೆ ಸಾಲ ಕೊಟ್ಟೋ ವ್ಯಾಪಾರದಲ್ಲಿ ಪಾಲುಗೊಂಡೋ ಕೆಲಸ ಕೊಡಿಸಿಯೋ ಒಬ್ಬನು ಮತ್ತೆ ಕೈಯೊಡ್ಡದಂತೆ ಮಾಡುವುದು. ಸಾಲ ದಾನಕ್ಕಿಂತ ಮೇಲೆಂಬ ಈ ಮಾತು ಪುಸ್ತಕದಲ್ಲೇ ಉಳಿಯಲಿಲ್ಲ. 1892ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಹೀಬ್ರೂ ಫ್ರೀ ಲೋನ್ ಸೊಸೈಟಿ ಇಂದಿಗೂ ಬಡ್ಡಿಯಿಲ್ಲದ ಸಾಲ ಕೊಡುತ್ತಿದೆ. ಷೇರುಪೇಟೆಯಲ್ಲಿ ಹಣ ಮಾಡಿದ ಜಲ್ಮನ್ ಬರ್ನ್‌ಸ್ಟೈನ್ 1984ರಲ್ಲಿ ಕಟ್ಟಿದ ಆವಿ ಖಾಯ್ ಪ್ರತಿಷ್ಠಾನವೂ ಯಹೂದಿ ಶಾಲೆ ಮತ್ತು ಬೇಸಿಗೆ ಶಿಬಿರಗಳ ಕಟ್ಟಡಗಳಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಮರಳಿ ಬಂದ ಹಣ ಮತ್ತೊಂದು ಶಾಲೆಯ ಗೋಡೆಯಾಯಿತು.

ಗುಟ್ಟಿನ ದಾನಕ್ಕೆ ಎರಡನೆಯ ಮೆಟ್ಟಿಲು ಸಂದಿದ್ದರೂ ಕಲ್ಲಿನಲ್ಲಿ ಕೆತ್ತಿಸಿದ ಹೆಸರುಗಳಿಗೇನೂ ಕೊರತೆಯಿಲ್ಲ. ಬಾಲ್ಟಿಮೋರಿನಲ್ಲಿ ಬೆಳೆದು, ಹವಾಯಿಯ ಭೂಮಿಯಲ್ಲಿ ಅಪಾರ ಹಣ ಗಳಿಸಿದ ಹ್ಯಾರಿ ವೈನ್‌ಬರ್ಗ್ 1990ರಲ್ಲಿ ತೀರಿಕೊಂಡ ಮೇಲೆ, ಅವರ ಮನೆತನದ ಪ್ರತಿಷ್ಠಾನವು ಯಹೂದಿಗಳೂ ಯಹೂದೇತರರೂ ಆದ ವೃದ್ಧರಿಗೆ, ಬಡವರಿಗೆ ಕಟ್ಟಿಸಿಕೊಟ್ಟ ಕಟ್ಟಡಗಳ ಮೇಲೆ ದಂಪತಿಗಳ ಹೆಸರು ಊರೂರಲ್ಲಿ ಕಾಣುತ್ತದೆ. ನಮ್ಮೂರ ದೇವಸ್ಥಾನದ ಪ್ರತಿ ಮೆಟ್ಟಿಲಿನಲ್ಲೂ, ಟ್ಯೂಬ್‌ಲೈಟಿನ ಪಟ್ಟಿಯ ಮೇಲೂ ಸೇವಾಕರ್ತರ ಹೆಸರು ಓದುತ್ತ ಬೆಳೆದ ನಾವು ಇದಕ್ಕೆ ಮೂಗು ಮುರಿಯುವಂತಿಲ್ಲ.

ಇಲ್ಲಿನ ಕಾನೂನಿನ ಪ್ರಕಾರ ಇಂಥ ಖಾಸಗಿ ಪ್ರತಿಷ್ಠಾನಗಳು ತಮ್ಮ ಆಸ್ತಿಯ ಮೌಲ್ಯದ ಸುಮಾರು ಶೇಕಡಾ 5ರಷ್ಟನ್ನು ಪ್ರತಿವರ್ಷ ಹಂಚಲೇಬೇಕು. ಉಳಿದ ಇಡುಗಂಟು ಬೆಳೆಯುತ್ತ ತಲೆಮಾರುಗಳವರೆಗೆ ನಡೆಯಬಹುದು. ಆವಿ ಖಾಯ್‌ನವರು ಈ ದಾರಿಯನ್ನು ಬಿಟ್ಟರು. 1999ರಲ್ಲಿ ಬರ್ನ್‌ಸ್ಟೈನ್ ತೀರಿಕೊಂಡ ಬಳಿಕ, ಅವರನ್ನು ಬಲ್ಲವರು ಬದುಕಿರುವಾಗಲೇ ಹಣ ಮುಗಿಯಲಿ ಎಂದು ತೀರ್ಮಾನಿಸಿ, ಹೊಸ ದೇಣಿಗೆಗಳನ್ನು 2019ರ ಹೊತ್ತಿಗೆ ನಿಲ್ಲಿಸಿದರು. ಅಂಥ ಕೊನೆಗೆ ವರ್ಷಗಟ್ಟಲೆ ಮುನ್ಸೂಚನೆಯಿತ್ತು. ಸೇಲಂ ಪಟ್ಟಣದವರಿಗೆ ಒಂದು ದಿನದ ಮುನ್ಸೂಚನೆಯೂ ಇರಲಿಲ್ಲ.

ಬಾಸ್ಟನ್ನಿನ ಉತ್ತರಕ್ಕಿರುವ ಸೇಲಂನಲ್ಲಿ ರಾಬರ್ಟ್ ಲ್ಯಾಪಿನ್ ಎಂಬುವರ ದತ್ತಿ ಸಂಸ್ಥೆ ಆ ಸೀಮೆಯ ಯಹೂದಿ ಹದಿಹರೆಯದವರನ್ನು ಬೇಸಿಗೆಯಲ್ಲಿ ಇಸ್ರೇಲ್ ಪ್ರವಾಸಕ್ಕೆ ಕಳಿಸುತ್ತಿತ್ತು. ಸಂಸ್ಥೆಯ ಹಣವೆಲ್ಲ, ಹೂಡಿಕೆಯ ಹೆಸರಿನಲ್ಲಿ ಭಾರಿ ವಂಚನೆ ನಡೆಸುತ್ತಿದ್ದ ನ್ಯೂಯಾರ್ಕಿನ ಬರ್ನಾರ್ಡ್ ಮೇಡಾಫ್ ಬಳಿ ಇತ್ತು. 2008ರ ಡಿಸೆಂಬರ್ 11ರಂದು ಮೇಡಾಫ್ ಬಂಧನವಾಯಿತು; ಮರುದಿನವೇ ಸಂಸ್ಥೆ ಬಾಗಿಲು ಹಾಕಿತು. ಸುಮಾರು 80 ಲಕ್ಷ ಡಾಲರ್ ಹೋಗಿತ್ತು. ಲ್ಯಾಪಿನ್ ಅವರು ತಮ್ಮ ವ್ಯವಹಾರದ ನೌಕರರ ನಿವೃತ್ತಿ ಉಳಿತಾಯದಲ್ಲಿ ಹೋದ 50 ಲಕ್ಷ ಡಾಲರನ್ನು ಆಮೇಲೆ ಸ್ವಂತ ಹಣದಿಂದ ತುಂಬಿಕೊಟ್ಟರು. ಇದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಬಾಗಿಲು ಹಾಕಿದ ಸಂಸ್ಥೆ ಮತ್ತೆ ತೆರೆದದ್ದು ಊರಿನವರು ದೇಣಿಗೆ ಕೊಟ್ಟದ್ದರಿಂದ. ಅದುವರೆಗೆ ಕೊಡುವವರು ಒಬ್ಬರು, ಕೊಳ್ಳುವವರು ಎಲ್ಲರೂ ಎಂಬಂತಿದ್ದದ್ದು ಅನಿವಾರ್ಯವಾಗಿ ತಿರುಗಿತು. ಈ ಪ್ರಸಂಗವನ್ನು ಓದಿದ ಮೇಲೆ ಗ್ರಿನ್‌ಸ್ಪೂನರ ಪಟ್ಟು ನನಗೆ ಜಿಪುಣತನವಾಗಿ ಕಾಣುವುದು ನಿಂತಿತು.

ಊರಿನ ಪಾಲು ಬೇಕೆನ್ನಲು ಇನ್ನೂ ಒಂದು ಕಾರಣವಿದೆ. ದೊಡ್ಡ ದತ್ತಿಯ ಜೊತೆಗೆ ದಾನಿಯ ರುಚಿಯೂ ಬರುತ್ತದೆ. ಮಕ್ಕಳಿಗೆ ಯಾವ ಕಥೆ ಹೋಗಬೇಕು, ಎಷ್ಟು ಧರ್ಮ, ಎಷ್ಟು ಹಾಸ್ಯ, ಬೇರೆ ಧರ್ಮದವರನ್ನು ಮದುವೆಯಾದವರ ಮನೆಗೂ ಹೋಗಬೇಕೆ ಎಂಬುದನ್ನೆಲ್ಲ ಒಂದು ಮನೆಯವರು ತೀರ್ಮಾನಿಸುವಂತಾದರೆ ಸಮುದಾಯ ಬರೀ ಪಂಕ್ತಿಯಲ್ಲಿ ಕೂತು ಬಡಿಸಿದ್ದನ್ನು ಉಣ್ಣಬೇಕಾಗುತ್ತದೆ. ಪಿಜೆ ಲೈಬ್ರರಿ ಮಿಶ್ರ ವಿವಾಹದ ಮನೆಗಳಿಗೂ ಪುಸ್ತಕ ಕಳಿಸುತ್ತದೆ. ಅದು ಒಳ್ಳೆಯ ತೀರ್ಮಾನವೆಂದೇ ನನ್ನ ಅನಿಸಿಕೆ. ಒಳ್ಳೆಯ ತೀರ್ಮಾನವನ್ನೂ ಕೇಳುವ ಹಕ್ಕು ಹುಟ್ಟುವುದು ಒಂದು ಪಾಲು ಹಾಕಿದಾಗ.

ನಮ್ಮ ಕನ್ನಡ ಕೂಟದ ಮುಂದೆಯೂ ಇದೇ ಪ್ರಶ್ನೆಯಿದೆ. ಕೂಟದ ಕಳೆದ ಸರ್ವಸದಸ್ಯರ ಸಭೆಯಲ್ಲಿ, ನಮ್ಮ ಕನ್ನಡ ಶಾಲೆಯ ಗ್ರಂಥಾಲಯದ ಪೂರ್ತಿ ಖರ್ಚನ್ನು ತಾವೇ ವಹಿಸಿಕೊಳ್ಳುವುದಾಗಿ ಸದಸ್ಯ ಕುಟುಂಬವೊಂದು ಮುಂದೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಮುಂದಿನ ವಿಷಯವಾದ ವನಭೋಜನದ ಚಿತ್ರಾನ್ನಕ್ಕೆ ಹೋದೆವು. ಆ ಕುಟುಂಬದ ಹಿರಿಯರೊಡನೆ ನಾನು ಆಮೇಲೆ ಮಾತಾಡಿದ್ದೇನೆ. ಅವರ ದೊಡ್ಡತನವೆಂದರೆ, ಅರ್ಧವನ್ನು ಕೂಟದ ಮನೆಗಳು ಹೊರಲಿ ಎಂಬ ಸಲಹೆಗೆ ಒಪ್ಪಿದರಷ್ಟೇ ಅಲ್ಲ, ಪುಸ್ತಕ ಆರಿಸುವ ಸಮಿತಿಯಲ್ಲಿ ತಮಗೆ ಒಂದೇ ಜಾಗ ಸಾಕೆಂದೂ ಹೇಳಿದರು. ಲೆಕ್ಕ ಹಾಕಿದರೆ ಪ್ರತಿ ಮನೆಯ ಪಾಲು ವರ್ಷಕ್ಕೆ 20 ಡಾಲರ್ ಆಗುತ್ತದೆ. ಅರ್ಜಿ ಈ ಸಂಚಿಕೆಯ ಕೊನೆಯ ಪುಟದಲ್ಲಿದೆ. ಅದರಲ್ಲಿ ನಿಮ್ಮ ಹೆಸರಿನ ಕೆಳಗೆ ಮಗುವಿನ ಹೆಸರಿಗೂ ಒಂದು ಸಾಲು ಬಿಟ್ಟಿದ್ದೇವೆ. ಲಕೋಟೆಯ ಮೇಲೆ ಅಚ್ಚಾಗುವುದು ಅದೇ ಆದ್ದರಿಂದ ದಯವಿಟ್ಟು ಸ್ಪಷ್ಟವಾಗಿ ಬರೆಯಿರಿ.