ಮಗಳಿಗೊಂದು ಪತ್ರ: ಸಾರು ಅಂದರೆ ಯಾರು ಅನ್ನೋರ ಬಗ್ಗೆ

ಪುಟ್ಟಿ,

ಇದನ್ನೆಲ್ಲ ಫೋನಲ್ಲೇ ಹೇಳಬಹುದಿತ್ತು, ಆದರೂ ಕಾಗದ ಬರೆಯೋಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ. ತೀರ್ಥಹಳ್ಳಿಯಲ್ಲಿ ಮಳೆ ಬಿಟ್ಟಿಲ್ಲ. ಹೊಳವಾದರೆ ಅಡಿಕೆಗೆ ಎರಡನೇ ಔಷಧಿ ಹೊಡೆಸಬೇಕು.

ನೀನು ಓದುತ್ತಿರೋ ಆಡಿಯಾಲಜಿಯಲ್ಲಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡೋ ವಿದ್ಯೆಯಲ್ಲಿ, ಮಾಸ್ಕಿಂಗ್ ಅನ್ನೋದು ತಲೆಗೇ ಹತ್ತುತ್ತಿಲ್ಲ ಅಂತ ರಜಕ್ಕೆ ಬಂದಾಗ ಗೋಳಾಡಿದೆಯಲ್ಲ, ನನಗೆ ಆವತ್ತೇ ಅರ್ಥವಾಯಿತು ನೋಡು. ಪರೀಕ್ಷೆ ಮಾಡುವಾಗ ಕೆಟ್ಟ ಕಿವಿಗೆ ಹಾಕಿದ ಸದ್ದು ತಲೆಬುರುಡೆ ದಾಟಿ ಆಚೆಗೆ ಹೋಗುತ್ತದೆ, ಒಳ್ಳೆ ಕಿವಿ ಅದರ ಪರವಾಗಿ ಉತ್ತರ ಹೇಳಿಬಿಡುತ್ತದೆ, ಅದಕ್ಕೇ ಒಳ್ಳೆ ಕಿವಿಗೆ ಗೊರ್ ಅಂತ ಸದ್ದು ತುಂಬಿ ಸುಮ್ನೆ ಕೂರಿಸಬೇಕು. ನಮ್ಮನೆಯಲ್ಲಿ ಅಜ್ಜಿಗೆ ಕೇಳಿದ್ದಕ್ಕೆಲ್ಲ ನಿಮ್ಮಮ್ಮ ಉತ್ತರ ಕೊಡೋ ಹಾಗೆ, ಅಲ್ವಾ?

ಅಜ್ಜಿಗೆ ಸಾರು ಹಾಕಲಾ ಅಂದರೆ "ಯಾರು ಬಂದ್ರು?" ಅಂತಾರೆ. ವಯಸ್ಸಾದಾಗ 'ಸ' ಥರದ ಏರು ಸ್ಥಾಯಿಯ ಸದ್ದುಗಳೇ ಮೊದಲು ಹೋಗೋದು, ಎಷ್ಟು ಕಿರುಚಿದರೂ 'ಆ' ದೊಡ್ಡದಾಗುತ್ತದೆಯೇ ಹೊರತು 'ಸ' ಅಲ್ಲ ಅಂತ ನೀನು ಹೇಳಿದ ಮೇಲೆ ಅಮ್ಮ ಕಿರುಚೋದು ಬಿಟ್ಟಿದ್ದಾಳೆ. ಮೂರು ವರ್ಷದ ಫೀಸು ಅಲ್ಲಿಗೇ ವಸೂಲಾಯಿತು! ಹಿಂದೆ ಒಂದು ಅಂಗಡಿಯವರು ಸರಿಯಾಗಿ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನೋ ನಕ್ಷೆ, ಕೂಡ ತೆಗೆಯದೆ ಅಜ್ಜಿಗೆ ಕಿವಿ ಮಷಿನ್ ಕೊಟ್ಟಿದ್ದರು. ಅದು ಕಿವಿಯಲ್ಲಿ ಸರಿಯಾಗಿ ಕೂರದೆ ಸಿಳ್ಳೆ ಹೊಡೆಯುತ್ತಿತ್ತು, ಈಗ ಬೀರುವಿನಲ್ಲಿದೆ. ಆವತ್ತೂ ಅಜ್ಜಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಾನೇ ಎಲ್ಲ ಹೇಳಿದೆ.

ಮುಂದಿನ ವರ್ಷ ನಿನ್ನ ಇಂಟರ್ನ್‌ಶಿಪ್. ಬೆಳಗಿನಿಂದ ಸಾಲುಗಟ್ಟಿ ಜನ ಬರುತ್ತಾರೆ, ಹಿಸ್ಟರಿ ಬರೆಯೋ ಗಡಿಬಿಡಿಯಲ್ಲಿ ಜೊತೆಗೆ ಬಂದವರನ್ನು ಕೇಳಿ ಮುಗಿಸೋದು ಸುಲಭ. ನೀನು ಹಾಗೆ ಮಾಡಬೇಡ. ಮುಖ ಕಾಣೋ ಹಾಗೆ ಕೂತು ಕಿವಿ ಕೇಳದವರನ್ನೇ ಕೇಳು, ತಡವಾದರೆ ಆಗಲಿ. ಹಸುಗೂಸಿನ ವಿಷಯ ಬೇರೆ ಬಿಡು, ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರರೊಳಗೆ ಪೂರ್ತಿ ಪರೀಕ್ಷೆ, ಆರರೊಳಗೆ ಚಿಕಿತ್ಸೆ ಶುರು ಅಂತ ನೀನೇ ಅಡುಗೆಮನೆಯಲ್ಲಿ ಪಾಠ ಒಪ್ಪಿಸುತ್ತಿದ್ದೆ. ಅಲ್ಲಿ ತಾಯಿಯ ಮಾತೇ ಗತಿ.

ಈಗ ಕಾರಣ ಹೇಳುತ್ತೇನೆ. ಫೋನಲ್ಲಿ ನೀನು ಮಾತಾಡಿದ್ದು ನನಗೆ ಅರ್ಧಂಬರ್ಧ ಕೇಳುತ್ತದೆ. ನೆಟ್‌ವರ್ಕ್ ಸರಿಯಿಲ್ಲ ಅನ್ನೋದು ಸುಳ್ಳು, ನಾನು ಸುಮ್ನೆ ಹೂಂ ಅನ್ನುತ್ತಿದ್ದೆ. ಎಷ್ಟೋ ವರ್ಷದಿಂದ ಕಿವಿಗೆ ಏನೂ ಹಾಕಿಕೊಳ್ಳದೆ ವೀಡ್ ಕಟ್ಟರ್ ಹಿಡಿದವನು. ಗದ್ದಲದಿಂದ ಕಿವಿ ಹೋದರೆ ಆಡಿಯೋಗ್ರಾಂನಲ್ಲಿ 4000 ಹರ್ಟ್ಸ್ ಹತ್ತಿರ ಗೀಟು ಹಳ್ಳಕ್ಕೆ ಬೀಳುತ್ತದೆ ಅಂತ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಹಾಕಿ ತೋರಿಸಿದೆಯಲ್ಲ, ಆಗ ನನ್ನ ಎದೆ ಧಸಕ್ ಅಂದಿತ್ತು.

ದಸರಾ ಮುಗಿದ ಮೇಲೆ ಮೈಸೂರಿಗೆ ಬರುತ್ತೇನೆ, ನಿಮ್ಮ ಮೇಡಂ ಒಪ್ಪಿದರೆ ನೀನೇ ಟೆಸ್ಟ್ ಮಾಡು. ಅಮ್ಮನಿಗೆ ಇನ್ನೂ ಹೇಳಿಲ್ಲ. ಜೊತೆಗೆ ಬಂದರೆ ನನ್ನ ಪರವಾಗಿ ಅವಳೇ ಉತ್ತರ ಹೇಳಿಬಿಡುತ್ತಾಳೆ.

ನಿನ್ನ ಅಪ್ಪ